ಹೆಸರು ಹೇಳದ ಲಂಡನ್ ಪತ್ರ

"ಸಂಪಾದಕರೇ, ಹೋದ ತಿಂಗಳು ನಮ್ಮ ಅವ್ವನ ಹೆಸರಿಗೆ ಲಂಡನ್ನಿನಿಂದ ಒಂದು ಟಪಾಲು ಬಂತು. ವಾರಸುದಾರರನ್ನು ಹುಡುಕುವ ಕಂಪನಿಯಂತೆ. ಇಂಗ್ಲೆಂಡಿನಲ್ಲಿ ನಿಮ್ಮ ರಕ್ತಸಂಬಂಧಿ ಒಬ್ಬರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದಾರೆ, ಅವರ ಆಸ್ತಿಯಲ್ಲಿ ನಿಮಗೂ ಪಾಲು ಇರಬಹುದು, ಜೊತೆಗಿರುವ ಕರಾರಿಗೆ 14 ದಿನದಲ್ಲಿ ಸಹಿ ಮಾಡಿ ಕಳಿಸಿ, ಬಂದ ಪಾಲಿನಲ್ಲಿ ಶೇ. 30 ಮತ್ತು ಅದರ ಮೇಲೆ ವ್ಯಾಟ್ ನಮಗೆ ಎಂದು ಬರೆದಿದ್ದಾರೆ. ಸತ್ತವರು ಯಾರು, ಆಸ್ತಿ ಎಷ್ಟು, ಒಂದೂ ಹೇಳಿಲ್ಲ. ಅವ್ವನ ತವರಿನ ಅಡ್ಡಹೆಸರು ಮಾತ್ರ ಸರಿ ಇದೆ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಮಾವ 'ಹರಿದು ಒಗೀರಿ' ಅಂತಾರೆ. ತಂಗಿ 'ಸಹಿ ಮಾಡಿದ್ರ ನಮ್ದೇನ ಹೋಗ್ತೈತಿ' ಅಂತಾಳೆ. ಅವ್ವನಿಗೆ 76. ತನ್ನ ಕಾಕಾನ ಒಬ್ಬನೇ ಮಗ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ ವಿಲಾಯತಿಗೆ ಹೋಗಿದ್ದನ್ನು ನೆನಪು ಮಾಡಿಕೊಂಡಳು. ಆಸ್ತಿಯ ಮಾತೇ ಎತ್ತಲಿಲ್ಲ. 'ಅಂವಾ ಒಬ್ಬಾಂವನ ಇದ್ದನೇನ ಅಲ್ಲೆ?' ಅಂತ ಎರಡು ಸಲ ಕೇಳಿದಳು. ಅವ್ವನ ಅಪ್ಪ ಸೇರಿ ನಾಲ್ವರು ಅಣ್ಣತಮ್ಮಂದಿರು. ಅವ್ವನೂ ಸೇರಿ ನಮ್ಮ ಅಜ್ಜನಿಗೆ ನಾಲ್ಕು ಮಕ್ಕಳು. ನಾವೀಗ ಏನು ಮಾಡಬೇಕು?"
— ಓದುಗರೊಬ್ಬರು, ಗದಗ-ಬೆಟಗೇರಿ

ಮಾವನ ಮಾತೂ ಬೇಡ, ತಂಗಿಯ ಮಾತೂ ಬೇಡ. ಪತ್ರ ಹರಿಯಬೇಡಿ, ಸಹಿಯನ್ನೂ ಮಾಡಬೇಡಿ. ಲಕೋಟೆ ಸಮೇತ ಎತ್ತಿಡಿ.

ನಿಮ್ಮ ಮಾವ ಹೆದರಿದ್ದರಲ್ಲಿ ತಪ್ಪಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ಇಂಥ ಕಥೆ ಎಷ್ಟು ಕೇಳಿರುತ್ತಾರೋ. ನಮ್ಮ ಕಚೇರಿಯ ಇಮೇಲಿಗೂ ಆಗಾಗ ಬರುತ್ತವೆ. ಯಾವುದೋ ದೇಶದಲ್ಲಿ ಒಬ್ಬ ಎಂಜಿನಿಯರ್ ಕೋಟಿಗಟ್ಟಲೆ ಡಾಲರ್ ಬಿಟ್ಟು ಸತ್ತ, ಹಿಂದೆ ಮುಂದೆ ಯಾರೂ ಇಲ್ಲ, ನಿಮ್ಮ ಅಡ್ಡಹೆಸರೂ ಅವನದೂ ಒಂದೇ, ಬನ್ನಿ ಹಂಚಿಕೊಳ್ಳೋಣ! ನಮ್ಮಲ್ಲಿ ಮೋಸಗಾರನಿಗೆ 'ಫೋರ್ ಟ್ವೆಂಟಿ' ಅಂತೀವಲ್ಲ, ಅದು ಹಳೆಯ ದಂಡಸಂಹಿತೆಯ 420ನೇ ಕಲಮಿನಿಂದ ಬಂದದ್ದು. ನೈಜೀರಿಯಾದ ಕಾನೂನಿನಲ್ಲಿ ಮೋಸದ ಕಲಮು 419. ಹಾಗಾಗಿ ಹೊರಗಿನ ಜಗತ್ತಿನಲ್ಲಿ ಈ ಥರದ ಪತ್ರಗಳಿಗೆ 'ಫೋರ್ ಒನ್ ನೈನ್' ಅಂತಲೇ ಹೆಸರು. ಒಂದೇ ಅಂಕಿಯ ಫರಕು.

ಆದರೆ ಅಂಥ ಪತ್ರವನ್ನೂ ನಿಮ್ಮದನ್ನೂ ಪಕ್ಕಪಕ್ಕ ಇಟ್ಟು ಓದಿ. ಮೋಸದ ಪತ್ರ ಬಲು ಉದಾರಿ. ಸತ್ತವನ ಹೆಸರು, ಬ್ಯಾಂಕಿನ ಹೆಸರು, ಡಾಲರಿನ ಲೆಕ್ಕ, ಎಲ್ಲವನ್ನೂ ಮೊದಲ ಪುಟದಲ್ಲೇ ಸುರಿಯುತ್ತದೆ. ನಿಮ್ಮ ಪತ್ರ ಜಿಪುಣ. ಮುಖ್ಯವಾದದ್ದನ್ನೇ ಮುಚ್ಚಿಟ್ಟಿದೆ. ನಿಮಗೆ ಅನುಮಾನ ಬಂದದ್ದು ಅದೇ ಕಾರಣಕ್ಕೆ. ನನಗೆ ಸ್ವಲ್ಪ ನಂಬಿಕೆ ಬಂದದ್ದೂ ಅದೇ ಕಾರಣಕ್ಕೆ.

ಯಾಕೆ ಅಂದರೆ ಈ ಕಂಪನಿಗಳ ಬಳಿ ಮಾರಲಿಕ್ಕೆ ಇರುವ ಸರಕು ಒಂದೇ, ಆ ಹೆಸರು. ಇಂಗ್ಲೆಂಡಿನಲ್ಲಿ ಒಬ್ಬರು ಮೃತ್ಯುಪತ್ರ ಬರೆಯದೆ ಸತ್ತು, ಹತ್ತಿರದವರು ಯಾರೂ ಮುಂದೆ ಬರದಿದ್ದರೆ ಆಸ್ತಿ ರಾಜಮನೆತನದ ಹೆಸರಿಗೆ, ಅಂದರೆ ಸರ್ಕಾರದ ಖಜಾನೆಗೆ ಹೋಗುತ್ತದೆ. 'ಬೋನಾ ವೇಕಾಂಶಿಯಾ' ಅಂತಾರೆ, ಲ್ಯಾಟಿನ್ ಮಾತು, ಒಡೆಯನಿಲ್ಲದ ವಸ್ತು ಅಂತ ಅರ್ಥ. ನಮ್ಮ 1956ರ ಹಿಂದೂ ವಾರಸಾ ಕಾಯ್ದೆಯ 29ನೇ ಕಲಮೂ ವಾರಸುದಾರರೇ ಇಲ್ಲದವನ ಆಸ್ತಿ ಸರ್ಕಾರಕ್ಕೆ ಅಂತಲೇ ಹೇಳುತ್ತದೆ. ಫರಕು ಏನಂದರೆ, ಅಲ್ಲಿ ಹೀಗೆ ಒಡೆಯರಿಲ್ಲದೆ ಉಳಿದ ಆಸ್ತಿಗಳ ಬೆನ್ನು ಹತ್ತಿ, ಸತ್ತವರ ವಂಶ ಜಾಲಾಡಿ, ವಾರಸುದಾರರನ್ನು ಹುಡುಕಿ ಕಮಿಷನ್ ತಿನ್ನುವುದೇ ಒಂದು ಧಂದೆ. ಕಾನೂನಿನ ಒಳಗಿನ ಧಂದೆಯೇ. ಹೆಸರು ಮೊದಲೇ ಹೇಳಿಬಿಟ್ಟರೆ ನೀವು ನೇರವಾಗಿ ಸರ್ಕಾರಕ್ಕೇ ಅರ್ಜಿ ಹಾಕುತ್ತೀರಿ, ಅವರಿಗೆ ಚಹಾದ ಖರ್ಚೂ ಹುಟ್ಟುವುದಿಲ್ಲ. ಅದಕ್ಕೇ ಮುಚ್ಚಿಡುವುದು.

ಹಾಗಂತ ನಂಬಿಬಿಡಬೇಡಿ. ಈ ಧಂದೆಗೆ ಅಲ್ಲಿ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು. ಕಂಪನಿ ನಿಜವಾಗಿ ಇದೆಯಾ, ಯಾವಾಗ ಶುರುವಾಯಿತು ಅನ್ನುವುದನ್ನು ಅಲ್ಲಿನ 'ಕಂಪನೀಸ್ ಹೌಸ್' ದಾಖಲೆಯಲ್ಲಿ ಪುಕ್ಕಟೆ ನೋಡಬಹುದು. ಪತ್ರದಲ್ಲಿರುವ ಫೋನ್ ನಂಬರಿಗೆ ಮಾತ್ರ ಫೋನ್ ಮಾಡಬೇಡಿ, ನೀವೇ ಬೇರೆ ಕಡೆ ಹುಡುಕಿದ ನಂಬರಿಗೆ ಮಾಡಿ. ಮತ್ತೆ ಒಂದು ಗೆರೆ ಗಟ್ಟಿಯಾಗಿ ಎಳೆದುಕೊಳ್ಳಿ: ಅವರು ಒಂದು ರೂಪಾಯಿ ಮುಂಗಡ ಕೇಳಿದರೂ ಮಾತು ಮುಗಿಯಿತು. ಇಂಗ್ಲೆಂಡಿನಲ್ಲಿ ವಾರಸಾ ತೆರಿಗೆ ಇದೆ ನಿಜ, ಸಾಮಾನ್ಯವಾಗಿ 3,25,000 ಪೌಂಡ್ ದಾಟಿದ ಭಾಗಕ್ಕೆ ಶೇ. 40. ಆದರೆ ಅದು ಸತ್ತವರ ಆಸ್ತಿಯಲ್ಲೇ ಕಟ್ಟಾಗುತ್ತದೆ. ಗದಗದಲ್ಲಿ ಕೂತ ನೀವು 'ತೆರಿಗೆ ಕ್ಲಿಯರೆನ್ಸ್' ಅಂತ ಎನ್‌ಇಎಫ್‌ಟಿ ಮಾಡುವ ಪ್ರಶ್ನೆಯೇ ಬರುವುದಿಲ್ಲ. 'ರಿಸರ್ವ್ ಬ್ಯಾಂಕಿನಲ್ಲಿ ಹಣ ತಡೆದಿದ್ದಾರೆ, ಬಿಡಿಸಲಿಕ್ಕೆ ಫೀ' ಅಂದರೆ ಅದು ಪಕ್ಕಾ ಮೋಸ. ಕಳಿಸಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಕಂಪನಿ ಶೇ. 30ಕ್ಕೆ ಮಾರುತ್ತಿರುವ ಹೆಸರು ನಿಮ್ಮ ಅವ್ವನ ಬಾಯಲ್ಲಿ ಆಗಲೇ ಬಂದಿದೆ ಅಲ್ವಾ?

ನನ್ನ ಅಜ್ಜನ ಊರು ಹಾವೇರಿ ಕಡೆಯ ಒಂದು ಹಳ್ಳಿ. ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತಾ. ನಿಮ್ಮ ಕಡೆಯ ಹಿರಿಯರಿಗೂ ಗೊತ್ತಿರುತ್ತದೆ. ಕಟ್ಟೆಯ ಮುಂದೆ ನಿಂತು ನಮ್ಮ ಮನೆತನದ ಮೂಲ ಪುರುಷನಿಂದ ಶುರು ಮಾಡಿ ಹೆಸರಿನ ಮೇಲೆ ಹೆಸರು, ಯಾರು ಯಾವ ಊರು ಬಿಟ್ಟು ಎಲ್ಲಿಗೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಉಸಿರು ಬಿಡದೆ ಹೇಳುತ್ತಿದ್ದ. ಅಜ್ಜ ಚೀಲದಲ್ಲಿ ಜೋಳ ಹಾಕುತ್ತಿದ್ದ. ಒಂದು ವರ್ಷ ಹೆಳವ ಒಂದು ಹೆಸರು ಹೇಳಿದಾಗ ಅಜ್ಜಿ ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಯಾರೂ ಎತ್ತದ ಹೆಸರು ಅದು, ಜಗಳವಾಡಿ ಮುಂಬಯಿಗೆ ಹೋಗಿ ತಿರುಗಿ ಬಾರದ ನನ್ನ ದೊಡ್ಡಪ್ಪನದು. ಹೆಳವನ ಲೆಕ್ಕದಲ್ಲಿ ಅವನಿನ್ನೂ ನಮ್ಮ ಮನೆಯವನೇ.

ಲಂಡನ್ ಕಂಪನಿ ಮಾಡುವುದೂ ಇದೇ ಕೆಲಸ. ಕೂಲಿ ಮಾತ್ರ ಜೋಳದಲ್ಲಿ ತೀರುವುದಿಲ್ಲ.

ಅದಕ್ಕೇ ಮೊದಲು ಮನೆಯ ಟ್ರಂಕು ತೆಗೆಯಿರಿ. ಅವ್ವನ ತವರಿನಲ್ಲಿ ಯಾರಾದರೂ ಇದ್ದರೆ ಅಲ್ಲಿನ ಟ್ರಂಕನ್ನೂ. ವಿಲಾಯತಿಯಿಂದ ಬಂದ ಹಳೆಯ ನೀಲಿ ಅಂತರ್ದೇಶೀಯದಂಥ ಏರೋಗ್ರಾಮು, ದೀಪಾವಳಿಗೆ ಕಳಿಸಿದ ಫೋಟೋ, ಯಾವುದಾದರೊಂದು ಇರುತ್ತದೆ. ನಿಮಗೆ ಬೇಕಾದದ್ದು ಹಿಂಬದಿಯ ವಿಳಾಸ ಮತ್ತು ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ರೀತಿ. ಎರಡನೆಯದೇ ಜಾಸ್ತಿ ಮುಖ್ಯ. 'ಪಾಟೀಲ' ಅನ್ನುವ ಒಂದು ಅಡ್ಡಹೆಸರನ್ನೇ ನಾವು ಮೂರು ಥರ ಬರೆಯುತ್ತೇವೆ. ಅಲ್ಲಿಗೆ ಹೋದವರು ಅವರ ಬಾಯಿಗೆ ಹೊಂದಲಿ ಅಂತ ಹೆಸರನ್ನು ಕತ್ತರಿಸಿಕೊಂಡದ್ದೂ ಉಂಟು. ಒಂದು ಅಕ್ಷರ ಆಚೀಚೆ ಆದರೆ ಹುಡುಕಾಟ ಮುಗಿಯುವುದಿಲ್ಲ.

ನಿಮ್ಮ ಅದೃಷ್ಟಕ್ಕೆ ಅವರು ಡಾಕ್ಟರು. ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ. ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ ಡಾಕ್ಟರುಗಳು ಸಾಲುತ್ತಿರಲಿಲ್ಲ, ನಮ್ಮ ದೇಶದಿಂದ ದಂಡು ದಂಡಾಗಿ ಹೋದರು. ಅಲ್ಲಿ ಡಾಕ್ಟರಿಕೆ ಮಾಡಬೇಕಾದರೆ ಜನರಲ್ ಮೆಡಿಕಲ್ ಕೌನ್ಸಿಲ್‌ನ ರಜಿಸ್ಟರಿನಲ್ಲಿ ಹೆಸರು ಇರಲೇಬೇಕು, ಆ ರಜಿಸ್ಟರ್ ಯಾರು ಬೇಕಾದರೂ ನೋಡುವಂಥದ್ದು. ಅವರು ಕೆಲಸ ಬಿಟ್ಟು ಬಹಳ ವರ್ಷ ಆಗಿದ್ದರೆ ಆನ್‌ಲೈನಿನಲ್ಲಿ ಸಿಗಲಿಕ್ಕಿಲ್ಲ, ಆಗ ಕೌನ್ಸಿಲ್‌ಗೇ ಬರೆದು ಕೇಳಬಹುದು. ಇತ್ತ ಹುಬ್ಬಳ್ಳಿಯ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲೂ ವಿಚಾರಿಸಿ. ಆ ಬ್ಯಾಚಿನವರು ಒಬ್ಬರಾದರೂ ವಿದ್ಯಾನಗರದಲ್ಲೋ ಧಾರವಾಡದಲ್ಲೋ ಸಿಕ್ಕಾರು. ಲಂಡನ್ನಿನವರಿಗೆ ಹೊಳೆಯದ ದಾರಿ ಇದು.

ಹೆಸರು ಸಿಕ್ಕಿತು ಅಂದುಕೊಳ್ಳಿ. ಆಮೇಲೆ 'ಲಂಡನ್ ಗೆಜೆಟ್' ಅನ್ನುವ ಅವರ ಸರ್ಕಾರಿ ಪತ್ರಿಕೆಯಲ್ಲಿ ಸತ್ತವರ ಆಸ್ತಿಯ ನೋಟಿಸುಗಳನ್ನು ಪುಕ್ಕಟೆ ಹುಡುಕಬಹುದು. ಅಲ್ಲಿನ ಪ್ರೊಬೇಟ್ ದಾಖಲೆಯನ್ನು, ಅಂದರೆ ಸತ್ತವರ ಆಸ್ತಿ ವಿಲೇವಾರಿಗೆ ಕೊಟ್ಟ ಅಧಿಕೃತ ಅನುಮತಿಯ ದಾಖಲೆಯನ್ನು, ಹೆಸರು ಮತ್ತು ವರ್ಷ ಹಾಕಿ ನೋಡಬಹುದು. ಆಸ್ತಿ ಖಜಾನೆಗೆ ಹೋಗಿದ್ದರೆ ಬೋನಾ ವೇಕಾಂಶಿಯಾ ವಿಭಾಗಕ್ಕೆ ನೀವೇ ಬರೆಯಬಹುದು, ನಡುವೆ ಯಾರೂ ಬೇಕಿಲ್ಲ. ಕಂಪ್ಯೂಟರ್ ಗೊತ್ತಿರುವ ಮೊಮ್ಮಗಳು ಇದ್ದರೆ ಒಂದು ಭಾನುವಾರದ ಕೆಲಸ.

ಒಂದು ಎಚ್ಚರ. ನಮ್ಮ ಕಡೆ ಊರಿನ ಹೆಸರೇ ಅಡ್ಡಹೆಸರು. ಮುಂಡರಗಿ, ಹಾನಗಲ್ಲ, ಸವಣೂರ ಅಂತ ಹೆಸರಿಟ್ಟುಕೊಂಡವರು ಎಲ್ಲ ಜಾತಿಯಲ್ಲೂ ಇದ್ದಾರೆ, ಒಬ್ಬರಿಗೊಬ್ಬರು ಏನೂ ಸಂಬಂಧ ಇಲ್ಲ. ಇದು ಲಂಡನ್ನಿನವರಿಗೆ ಗೊತ್ತಾಗುವುದಿಲ್ಲ. ಅಡ್ಡಹೆಸರು ಕೂಡಿತು ಅಂತ ತಪ್ಪು ಮನೆಯ ಬಾಗಿಲು ಬಡಿದಿರಲೂಬಹುದು. ಅವರನ್ನು ಬರವಣಿಗೆಯಲ್ಲೇ ಕೇಳಿ: ಸತ್ತವರ ಹೆಸರು ಹೇಳದಿದ್ದರೆ ಬಿಡಿ, ನಮ್ಮ ತಾಯಿಗೆ ಅವರು ಏನಾಗಬೇಕು, ಯಾವ ಕಡೆಯಿಂದ? ಕೆಲಸ ಮಾಡಿದ ಕಂಪನಿ ಇಷ್ಟಕ್ಕೆ ಉತ್ತರ ಕೊಡುತ್ತದೆ.

ಇನ್ನು ಪಾಲಿನ ಲೆಕ್ಕ. ಐವತ್ತು ವರ್ಷ ಇಂಗ್ಲೆಂಡಿನಲ್ಲೇ ನೆಲೆನಿಂತವರ ಆಸ್ತಿ ಹಂಚುವುದು ಅಲ್ಲಿನ ಕಾನೂನಿನಂತೆ. ಮೊದಲು ಹೆಂಡತಿ, ಮಕ್ಕಳು. ಅವರಿಲ್ಲದಿದ್ದರೆ ತಂದೆ-ತಾಯಿ, ಆಮೇಲೆ ಒಡಹುಟ್ಟಿದವರು ಮತ್ತು ಅವರ ಮಕ್ಕಳು, ಆಮೇಲೆ ಅಜ್ಜ-ಅಜ್ಜಿ, ಆಮೇಲೆ ಕಾಕಾ, ಅತ್ತಿ, ಸೋದರಮಾವ, ಚಿಕ್ಕವ್ವ. ಇವರಲ್ಲಿ ಸತ್ತವರ ಪಾಲು ಅವರವರ ಮಕ್ಕಳಿಗೆ ಇಳಿಯುತ್ತದೆ. ನಿಮ್ಮ ಅವ್ವ ನಿಲ್ಲುವುದು ಈ ಕೊನೆಯ ಮೆಟ್ಟಿಲಲ್ಲಿ. ಅಂದರೆ ಪತ್ರ ನಿಜವಾಗಿದ್ದರೆ, ಆ ಡಾಕ್ಟರಿಗೆ ಕಾನೂನಿನ ಕಣ್ಣಿಗೆ ಕಾಣುವ ಹೆಂಡತಿ ಮಕ್ಕಳು ಯಾರೂ ಉಳಿದಿಲ್ಲ ಅಂತಾಯಿತು. ಮದುವೆಯಾಗದೆ ಜೊತೆಗೆ ಬಾಳಿದ ಸಂಗಾತಿ ಇದ್ದರೂ ಈ ಸಾಲಿನಲ್ಲಿ ಜಾಗ ಇಲ್ಲ. ಅಂಥವರು ಕೋರ್ಟಿಗೆ ಬೇರೆ ಅರ್ಜಿ ಹಾಕಬೇಕು.

ಇಲ್ಲಿ ನಮ್ಮ ಕಾನೂನಿಗೂ ಅವರದಕ್ಕೂ ಒಂದು ದೊಡ್ಡ ಫರಕು. ಹಿಂದೂ ವಾರಸಾ ಕಾಯ್ದೆಯಲ್ಲಿ ಇಷ್ಟು ದೂರದ ಸಂಬಂಧಕ್ಕೆ ಬಂದರೆ ಗಂಡಸರ ಮೂಲಕ ಹರಿದು ಬಂದ ನೆಂಟಸ್ತಿಕೆ ಮುಂದೆ, ಉಳಿದದ್ದು ಹಿಂದೆ. ಕಾಕಾನ ಮಗಳು ಇರುವಾಗ ಚಿಕ್ಕವ್ವನ ಮಗನಿಗೆ ಏನೂ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ತಾಯಿಯ ಕಡೆ, ತಂದೆಯ ಕಡೆ ಎರಡೂ ಸಮ. ನಮ್ಮ ಹೆಳವ ಹೆಣ್ಣುಮಕ್ಕಳ ಹೆಸರನ್ನೇ ಹೇಳುತ್ತಿರಲಿಲ್ಲ. ಲಂಡನ್ ಹೆಳವ ಅವರನ್ನೂ ಎಣಿಸುತ್ತಾನೆ. ಆದ್ದರಿಂದ ಆ ಡಾಕ್ಟರರ ತಾಯಿಯ ತವರು ಯಾವುದು, ಅಲ್ಲಿ ಎಷ್ಟು ಜನ ಅನ್ನುವುದೂ ನಿಮಗೆ ಬೇಕು.

ತಾಯಿಯ ಕಡೆ ನಾಲ್ವರು ಒಡಹುಟ್ಟಿದವರು ಅಂತ ಹಿಡಿಯೋಣ. ತಂದೆಯ ಕಡೆ ನಿಮ್ಮ ಅಜ್ಜ ಸೇರಿ ಮೂವರು. ಎಲ್ಲರಿಗೂ ಮಕ್ಕಳಿದ್ದಾರೆ ಅಂದರೆ ಏಳು ಪಾಲು. ಒಂದು ಪಾಲಿನಲ್ಲಿ ನಾಲ್ಕು ಮಕ್ಕಳು, ಅವ್ವನದು 28ರಲ್ಲಿ ಒಂದು. ಖರ್ಚು, ತೆರಿಗೆ ಕಳೆದು 1,40,000 ಪೌಂಡ್ ಉಳಿದರೆ ಅವ್ವನಿಗೆ 5,000 ಪೌಂಡ್. ಕಂಪನಿಗೆ ಶೇ. 30, ಅದರ ಮೇಲೆ ಅವರ ದೇಶದ ವ್ಯಾಟ್ ಶೇ. 20, ಅಂದರೆ ನೂರಕ್ಕೆ 36. ಕೈಗೆ ಬರುವುದು 3,200. ಸಣ್ಣ ಮೊತ್ತ ಅಂತ ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಆಗಲೇ ಯಾರಾದರೂ ಎರಡನೇ ಮಹಡಿ ಕಟ್ಟಿಸುವ ಮಾತಾಡುತ್ತಿದ್ದರೆ ಈ ಲೆಕ್ಕ ತೋರಿಸಿ.

ಹಾಗಾದರೆ ಸಹಿ ಮಾಡಲೇಬಾರದಾ? ತಂಗಿಯ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಟ್ರಂಕಿನಲ್ಲಿ ಏನೂ ಸಿಗದೇ ಹೋದರೆ, ಎರಡು ಕಡೆಯ ವಂಶಾವಳಿಯನ್ನೂ ಕೂಡಿಸುವ ಕಷ್ಟ ನಿಮ್ಮಿಂದ ಆಗದಿದ್ದರೆ, ಕಂಪನಿಯ ಕೆಲಸಕ್ಕೆ ಬೆಲೆ ಇದೆ. ಆದರೆ 30 ಅಂತ ಅಚ್ಚಾದದ್ದು ಬ್ರಹ್ಮ ಬರೆದದ್ದಲ್ಲ. ಚೌಕಾಶಿ ಮಾಡಿ. ವ್ಯಾಟ್ ಒಳಗೆ ಸೇರಿಸಿ ಅನ್ನಿ. ಒಟ್ಟು ಕಮಿಷನ್ನಿಗೆ ಒಂದು ಮಿತಿ ಹಾಕಿಸಿ. ಕಾಗದದಲ್ಲಿ 'ಪವರ್ ಆಫ್ ಅಟಾರ್ನಿ' ಸೇರಿಸಿದ್ದಾರಾ ನೋಡಿ, ಅದಿದ್ದರೆ ವಕೀಲರಿಗೆ ತೋರಿಸದೆ ಪೆನ್ನು ಮುಟ್ಟಬೇಡಿ. ಇನ್ನೊಂದು ಮಾತು ಆ ಪತ್ರದಲ್ಲಿ ಇರುವುದಿಲ್ಲ: ಸಹಿ ಮಾಡದಿದ್ದ ಮಾತ್ರಕ್ಕೆ ಅವ್ವನ ಹಕ್ಕು ಹೋಗುವುದಿಲ್ಲ. ಬೇರೆ ವಾರಸುದಾರರು ಸಹಿ ಮಾಡಿ ಆಸ್ತಿ ಬಿಡಿಸಿಕೊಂಡರೂ, ಹಂಚುವವರು ಹಕ್ಕಿದ್ದವರಿಗೆಲ್ಲ ಪಾಲು ಕೊಡಬೇಕು.

14 ದಿನದ ಗಡುವಿಗೆ ಹೆದರಬೇಡಿ. ಅದು ಅವರ ಗಡುವು, ಕಾನೂನಿನದಲ್ಲ. ಆಸ್ತಿ ಖಜಾನೆಗೆ ಹೋಗಿದ್ದರೆ, ಅಲ್ಲಿ ಲೆಕ್ಕ ಮುಗಿದ ದಿನದಿಂದ 12 ವರ್ಷದವರೆಗೆ ಕೇಳಬಹುದು. ಆಮೇಲೂ, ಸತ್ತ ದಿನದಿಂದ 30 ವರ್ಷದವರೆಗೆ ಬಡ್ಡಿ ಇಲ್ಲದೆ ಕೊಡುವ ಪದ್ಧತಿ ಇದೆ. ಗಡಿಬಿಡಿ ಅವರಿಗೆ ಯಾಕೆ ಅಂದರೆ ಇನ್ನೊಂದು ಕಂಪನಿಯೂ ಇದೇ ಹೆಸರಿನ ಬೆನ್ನು ಹತ್ತಿರಬಹುದು. ಹಾಗಂತ ವರ್ಷಗಟ್ಟಲೆ ಮಲಗಲೂಬೇಡಿ. ಹಂಚಿಕೆ ಆಗಿಹೋದ ಮೇಲೆ ದೂರದ ನೆಂಟರ ಕೈಯಿಂದ ಹಣ ತಿರುಗಿ ಪಡೆಯುವುದು ಎಷ್ಟು ಕಷ್ಟ ಅಂತ ನಮ್ಮ ಹೊಲದ ವಾಟ್ಣಿ, ಅಂದರೆ ಪಾಲು ಹಂಚಿಕೆ, ನೋಡಿದವರಿಗೆ ಬಿಡಿಸಿ ಹೇಳಬೇಕಾ?

ಕಾಗದಪತ್ರದ ಕೆಲಸ ಇವತ್ತೇ ಶುರು ಮಾಡಬಹುದು, ಯಾವ ದಾರಿ ಹಿಡಿದರೂ ಅದು ಬೇಕು. ಇಲ್ಲೇ ನಮ್ಮ ಕಡೆಯವರು ಜಾಸ್ತಿ ಎಡವುವುದು. ಅವ್ವ ಹುಟ್ಟಿದ ಕಾಲದಲ್ಲಿ ಗದಗ ಒಂದು ತಾಲೂಕು, ಜಿಲ್ಲೆ ಧಾರವಾಡ, ಅದರ ಮೇಲೆ ಮುಂಬಯಿ ಸರ್ಕಾರ. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ, 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆ. ಒಂದೇ ಮನೆಯ ಮೂರು ದಾಖಲೆಯಲ್ಲಿ ಮೂರು ವಿಳಾಸ. ಲಂಡನ್ನಿನ ವಕೀಲರಿಗೆ ಇವು ಮೂರು ಬೇರೆ ಊರು ಅನಿಸುತ್ತವೆ. ಒಂದು ಹಾಳೆಯಲ್ಲಿ ಈ ಇತಿಹಾಸವನ್ನು ಬರೆದು ಜೊತೆಗಿಡಿ. ಆ ಕಾಲದಲ್ಲಿ ಹುಟ್ಟಿದವರ ಜನನ ಪ್ರಮಾಣಪತ್ರ ಸಿಗುವುದು ಅಪರೂಪ, ಶಾಲೆಯ ದಾಖಲಾತಿ ರಜಿಸ್ಟರಿನ ಉತಾರ ತೆಗೆಸಿ. ಅಜ್ಜ ಮತ್ತು ಅವರ ತಮ್ಮ ಒಂದೇ ತಂದೆಯ ಮಕ್ಕಳು ಅನ್ನುವುದಕ್ಕೆ ಹಳೆಯ ಜಮೀನಿನ ಕಾಗದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ವಾಟ್ಣಿ ಆದಾಗ ಅಣ್ಣತಮ್ಮಂದಿರ ಹೆಸರು ಒಟ್ಟಿಗೆ ಬಂದಿರುತ್ತದೆ. ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದ ಸಿಕ್ಕರೆ ಎಸೆಯಬೇಡಿ, ಓದಬಲ್ಲವರು ಧಾರವಾಡದಲ್ಲಿ ಇನ್ನೂ ಇದ್ದಾರೆ. ಇವತ್ತಿನ ವಂಶಾವಳಿಗೆ ನಾಡಕಚೇರಿಯಲ್ಲಿ ಅರ್ಜಿ. ವಿದೇಶಕ್ಕೆ ಕಳಿಸುವ ದಾಖಲೆಗೆ ಅದು ಅಸಲಿ ಅಂತ ಹೇಳುವ ಅಪೊಸ್ಟಿಲ್ ಮುದ್ರೆ ಕೇಳಬಹುದು, ಅದು ವಿದೇಶಾಂಗ ಇಲಾಖೆಯದು.

ಅವ್ವನ ಹೆಸರು ಮದುವೆಯಲ್ಲಿ ಬದಲಾಗಿದೆಯಾ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬದಲಿಸುತ್ತಿದ್ದರು. ಶಾಲೆಯಲ್ಲಿ ಒಬ್ಬಳು, ಆಧಾರಿನಲ್ಲಿ ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಅನ್ನುವ ಅಫಿಡವಿಟ್ ಈಗಲೇ ಮಾಡಿಸಿ, ಅವ್ವನ ಸಹಿ ಗಟ್ಟಿಯಾಗಿರುವಾಗಲೇ.

ಹಣ ಬಂದರೆ ಇಲ್ಲಿ ಏನು ಕಟ್ಟಬೇಕು ಅಂತ ಮಾವ ಕೇಳಿಯೇ ಕೇಳುತ್ತಾರೆ. ಭಾರತದಲ್ಲಿ ವಾರಸಾ ತೆರಿಗೆ 1985ರಲ್ಲೇ ರದ್ದಾಯಿತು. ವಾರಸಾ ಹಕ್ಕಿನಿಂದ ಬಂದ ಹಣ ಆದಾಯ ಅಲ್ಲ. ಆಮೇಲೆ ಅದು ದುಡಿದ ಬಡ್ಡಿಗೆ ಮಾತ್ರ ತೆರಿಗೆ. ಬ್ಯಾಂಕಿನ ಮೂಲಕವೇ ಬರಲಿ, ಕಾಗದ ಎತ್ತಿಡಿ.

ಕೊನೆಗೆ ಅವ್ವನ ಪ್ರಶ್ನೆ. ನಿಮ್ಮ ಪತ್ರದಲ್ಲಿ ನೀವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಉತ್ತರ ಕಂಪನಿಯ ಬಳಿ ಇರಲಿಕ್ಕಿಲ್ಲ, ಆದರೆ ಇಂಗ್ಲೆಂಡಿನ ಮರಣ ಪ್ರಮಾಣಪತ್ರದಲ್ಲಿ ಸ್ವಲ್ಪ ಇರುತ್ತದೆ. ಅಲ್ಲಿನ ಜನರಲ್ ರಜಿಸ್ಟರ್ ಆಫೀಸಿನಿಂದ ಅದರ ಪ್ರತಿಯನ್ನು ಯಾರು ಬೇಕಾದರೂ ಫೀ ಕಟ್ಟಿ ತರಿಸಬಹುದು, ವಾರಸುದಾರರೇ ಆಗಬೇಕಿಲ್ಲ. ಎಲ್ಲಿ ಸತ್ತರು, ಯಾವ ದಿನ, ಏನು ಕೆಲಸದವರು ಅಂತ ಬರೆದಿರುತ್ತದೆ. ಸುದ್ದಿ ಕೊಟ್ಟವರು ಯಾರು ಅನ್ನುವುದಕ್ಕೂ ಒಂದು ಕಾಲಂ ಇದೆ. ಯಾರೂ ಇಲ್ಲದವರ ಅಂತ್ಯಕ್ರಿಯೆಯನ್ನು ಅಲ್ಲಿ ಊರಿನ ಕೌನ್ಸಿಲ್ ಮಾಡುತ್ತದೆ, ಹಾಗಾಗಿದ್ದರೆ ಅಲ್ಲಿ ಒಬ್ಬ ಅಧಿಕಾರಿಯ ಹೆಸರು ಇರಬಹುದು. ಕೆಲವೊಮ್ಮೆ ಪಕ್ಕದ ಮನೆಯವರ ಹೆಸರು ಇರುತ್ತದೆ, ಅದರ ಮುಂದೆ 'ಸಾಯುವಾಗ ಹತ್ತಿರ ಇದ್ದವರು' ಅಂತ.

ಪಾಲು ಬರಲಿ ಬಿಡಲಿ, ಆ ಪ್ರತಿ ತರಿಸಿ. ಬಂದ ದಿನ ಮೊದಲು ಆ ಕಾಲಂ ಅವ್ವನಿಗೆ ಓದಿ ಹೇಳಿ. ಏನು ಬರೆದಿತ್ತು ಅಂತ ನಮಗೂ ಒಂದು ಕಾರ್ಡ್ ಹಾಕಿ.
— ಸಂ.